ನಲವತ್ತೆಂಟು ಸಾವಿರ ತಾಯಂದಿರು

ಮನುಷ್ಯನ ತಲೆಯೊಳಗೆ ಸರಾಸರಿ 8,600 ಕೋಟಿ ನರಕೋಶಗಳಿವೆ. ಭೂಮಿಯ ಮೇಲೆ ಇವತ್ತು ಬದುಕಿರುವ ಜನರ ಹತ್ತು ಪಟ್ಟು ಅದು. ಮಣ್ಣಿಗೆ ಹೋದ ಮೇಲೆ ಅವುಗಳಲ್ಲಿ ಒಂದೂ ಉಳಿಯುವುದಿಲ್ಲ. ಎಲುಬು ಕಲ್ಲಾದೀತು, ಹಲ್ಲು ಲಕ್ಷಗಟ್ಟಲೆ ವರ್ಷ ತಡೆದೀತು. ಸಿಟ್ಟು, ಉಪಾಯ, ನೆನಪು, ಮಗುವಿನ ಕೈ ಹಿಡಿದು ಹೇಳಿಕೊಟ್ಟ ಪಾಠ, ಇವು ಯಾವುವೂ ನೆಲದೊಳಗೆ ಸಿಗುವ ಪದಾರ್ಥಗಳಲ್ಲ.

ಎಲುಬಿನ ಕಥೆಯೂ ನಮ್ಮ ದೇಶದಲ್ಲಿ ಬಡತನದ್ದೇ. ಇವತ್ತಿನ ಮನುಷ್ಯ ಜಾತಿಗಿಂತ ಹಿಂದಿನವರ ತಲೆಬುರುಡೆ ಅಂತ ಭಾರತದಲ್ಲಿ ಗಟ್ಟಿಯಾಗಿ ಹೇಳಬಹುದಾದದ್ದು ಒಂದೇ ಒಂದು. 1982ರ ಡಿಸೆಂಬರಿನಲ್ಲಿ ಅರುಣ್ ಸೊನಾಕಿಯಾ ಅವರಿಗೆ ನರ್ಮದಾ ದಂಡೆಯ ಹಥ್ನೋರಾದಲ್ಲಿ ಸಿಕ್ಕಿದ್ದು, ಅದೂ ಅರೆಬರೆ. ಆದರೆ ಕಲ್ಲಿಗೆ ಬರವಿಲ್ಲ. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಹುಣಸಗಿ–ಬೈಚಬಾಳ ಕಣಿವೆಗಳ ಸುಮಾರು 500 ಚದರ ಕಿಲೊಮೀಟರ್ ನೆಲದಲ್ಲೇ ಹಳೇ ಶಿಲಾಯುಗದ, ಕೈಗೊಡಲಿಯೇ ಗುರುತಾದ ಅಶೂಲಿಯನ್ ಕಾಲದ ನೆಲೆಗಳು 200ಕ್ಕೂ ಹೆಚ್ಚು ಪತ್ತೆಯಾಗಿವೆ. ಯಾದಗಿರಿ ಬೇರೆ ಜಿಲ್ಲೆಯಾಗುವ ತನಕ ಇವೆಲ್ಲ ಆಗ ಗುಲಬರ್ಗಾ ಎನ್ನುತ್ತಿದ್ದ ನಮ್ಮ ಕಲಬುರಗಿ ಜಿಲ್ಲೆಯೊಳಗಿದ್ದವು. ಹಾಗಾಗಿಯೇ ಪ್ರಪಂಚದ ಯಾವ ಗ್ರಂಥಾಲಯದಲ್ಲಿ ಹಳೇ ಶಿಲಾಯುಗದ ಪುಸ್ತಕ ತೆರೆದರೂ ನಮ್ಮ ಜಿಲ್ಲೆಯ ಹೆಸರು ಕಣ್ಣಿಗೆ ಬೀಳುತ್ತದೆ. ಬುರುಡೆ ಒಂದು, ಕಲ್ಲು ಎಣಿಸಲಾರದಷ್ಟು. ಮನಸ್ಸು ಬೆಳೆದ ಬಗೆಯನ್ನು ಹುಡುಕುವವರು ಕಲ್ಲನ್ನು ಹಿಡಿದದ್ದು ಈ ಲೆಕ್ಕದಿಂದ.

ಮೊದಲು ಕಾಲ ಎಷ್ಟು ಉದ್ದ ಅನ್ನುವುದು ತಲೆಗೆ ಹತ್ತಬೇಕು. ಲಕ್ಷ ವರ್ಷ ಅಂದರೆ ಬಾಯಿಗೆ ಹಗುರ, ಮನಸ್ಸಿಗೆ ಏನೂ ಅಲ್ಲ. ಅದಕ್ಕೆ ಒಂದು ದಾರಿ ಬೇಕು. ನಮ್ಮ ಊರಿನ ದಾರಿಯೇ ಆಗಲಿ.

ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನ ಹತ್ತಿರ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ ಅಂದುಕೊಳ್ಳಿ. ಅವಳ ಬೆನ್ನ ಹಿಂದೆ ಒಂದು ಮೀಟರ್ ಬಿಟ್ಟು ಅವಳ ತಾಯಿ, ಅವಳ ಹಿಂದೆ ಅಜ್ಜಿ, ಮುತ್ತಜ್ಜಿ, ಹೀಗೆ ಸಾಲು ಕಮಲಾಪುರದ ಕಡೆಗೆ ಸಾಗುತ್ತದೆ. ತಲೆಮಾರಿಗೆ 25 ವರ್ಷ. ಹಾಗಾದರೆ ಒಂದು ಮೀಟರ್ ದಾರಿ ಅಂದರೆ 25 ವರ್ಷ, ಒಂದು ಕಿಲೊಮೀಟರ್ ಅಂದರೆ 25,000 ವರ್ಷ.

ಎಂಟನೇ ಮೀಟರಿನಲ್ಲಿ ನಿಂತವಳು ಶರಣಬಸವೇಶ್ವರರನ್ನು ಕಣ್ಣಾರೆ ಕಂಡಿರಬಹುದು. ಇಪ್ಪತ್ತೇಳನೆಯವಳ ಕಾಲಕ್ಕೆ, 1347ರಲ್ಲಿ, ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ಅದರ ರಾಜಧಾನಿಯಾಯಿತು. ನಲವತ್ತೇಳನೆಯವಳ ಕಾಲಕ್ಕೆ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ, ಅವನ ಆಸ್ಥಾನದಲ್ಲಿ 'ಕವಿರಾಜಮಾರ್ಗ'. ಸನ್ನತಿಯಲ್ಲಿ ಅಶೋಕನ ಶಾಸನ ಕೆತ್ತಿಸಿದ ಕಾಲದವಳು ತೊಂಬತ್ತೊಂದನೇ ಜಾಗದಲ್ಲಿದ್ದಾಳೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ದನಕರು ಕಟ್ಟಿಕೊಂಡು, ಸಗಣಿ ರಾಶಿ ಸುಟ್ಟು ಬೂದಿಗುಡ್ಡೆ ಮಾಡಿದ ನವಶಿಲಾಯುಗದವರು ನೂರ ಅರವತ್ತು, ನೂರ ಎಪ್ಪತ್ತರ ಆಸುಪಾಸು. ಲೋಕದಲ್ಲಿ ಎಲ್ಲೇ ಆಗಲಿ ಮನುಷ್ಯ ಮೊಟ್ಟಮೊದಲು ಬಿತ್ತಿ ಬೆಳೆದದ್ದು ನಾನೂರ ಅರವತ್ತರ ಹತ್ತಿರ. ಅಲ್ಲಿಗೆ ಶಾಲೆಯಲ್ಲಿ ಓದಿದ ಇತಿಹಾಸವೆಲ್ಲ ಮುಗಿಯಿತು. ನಡೆದದ್ದು ಇನ್ನೂ ಅರ್ಧ ಕಿಲೊಮೀಟರ್ ಕೂಡ ಅಲ್ಲ, ಊರೇ ಮುಗಿದಿಲ್ಲ.

ಹನ್ನೆರಡನೇ ಕಿಲೊಮೀಟರಿಗೆ, ಕುರಿಕೋಟಾ ಸೇತುವೆ ಬರುವ ಮೊದಲೇ, ನಮ್ಮ ಜಾತಿಯ ಮನುಷ್ಯರು ಮುಗಿಯುತ್ತಾರೆ. ಮೊರಾಕೊದ ಜೆಬೆಲ್ ಇರ್ಹೂದ್‌ನ ಪಳೆಯುಳಿಕೆಗಳಿಗೆ ಹಚ್ಚಿದ ವಯಸ್ಸು ಸುಮಾರು 3 ಲಕ್ಷ ವರ್ಷ, ಅಂದರೆ 12,000 ತಾಯಂದಿರು. ಅಲ್ಲಿಂದ ಮುಂದೆ ನಿಂತವರ ಮುಖ ನಮ್ಮದಲ್ಲ, ಹುಬ್ಬಿನೆಲುಬು ದಪ್ಪ, ಹಣೆ ಹಿಂದಕ್ಕೆ ಓರೆ. ಆದರೂ ಅವರು ತಾಯಂದಿರೇ, ಸಾಲು ಕಡಿಯುವುದಿಲ್ಲ. ಕಮಲಾಪುರ ಮುಟ್ಟಿದಾಗ ಒಂಬತ್ತು ಲಕ್ಷ ವರ್ಷ ದಾಟಿರುತ್ತದೆ. ಇನ್ನೂ ಹತ್ತು ಕಿಲೊಮೀಟರ್ ಹುಮನಾಬಾದಿನ ಕಡೆಗೆ ಹೋಗಬೇಕು. ನಲವತ್ತೆಂಟನೇ ಕಿಲೊಮೀಟರಿನಲ್ಲಿ, ನಲವತ್ತೆಂಟು ಸಾವಿರದ ತಾಯಿಯ ಕಾಲದಲ್ಲಿ, ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಯಾರೋ ಕೂತು ಕಲ್ಲು ಒಡೆಯುತ್ತಿದ್ದಾರೆ. ಆಗಿನವರು ಬೇಗ ತಾಯಿಯಾಗುತ್ತಿದ್ದರೆ ಸಾಲು ಇನ್ನಷ್ಟು ಉದ್ದವಾದೀತು, ಚಿಕ್ಕದಂತೂ ಆಗದು.

ಇಸಾಂಪುರದ ನೆಲೆ ಮುಕ್ಕಾಲು ಹೆಕ್ಟೇರಿನಷ್ಟು, ನಮ್ಮ ಲೆಕ್ಕದಲ್ಲಿ ಎರಡು ಎಕರೆಗೂ ಕಡಿಮೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ಸೀಮೆಯನ್ನು 1960ರ ದಶಕದಿಂದ ಕಾಲ್ನಡಿಗೆಯಲ್ಲಿ ಅಳೆದವರು. 1982ರಲ್ಲಿ ಹುಣಸಗಿ ಕಣಿವೆಯ ಅಶೂಲಿಯನ್ ಸಂಸ್ಕೃತಿಯ ಮೇಲೆ ಅವರ ಪುಸ್ತಕ ಬಂತು. 1997ರಿಂದ ಕೆಲವು ವರ್ಷ ರಿಚಾ ಝಲ್ದಿಯಾಲ್, ಮೈಕೇಲ್ ಪೆಟ್ರಾಗ್ಲಿಯಾ ಮೊದಲಾದವರ ಜೊತೆ ಇಸಾಂಪುರದಲ್ಲಿ ಅಗೆದರು. ಅಗೆತ ಅಂದರೆ ಇಲ್ಲಿ ಗುದ್ದಲಿಯ ಕೆಲಸವಲ್ಲ, ಪ್ರತಿ ಚೂರನ್ನೂ ಬಿದ್ದ ಜಾಗದಲ್ಲೇ ಬಿಟ್ಟು, ಅಳೆದು, ನಕ್ಷೆಗೆ ಇಳಿಸಿ, ಆಮೇಲೆ ಎತ್ತುವುದು. ಹೀಗೆ ಎತ್ತಿದ ಕಲ್ಲುಗಳ ಎಣಿಕೆ ಹತ್ತು ಸಾವಿರ ದಾಟಿತು. ಅವುಗಳಲ್ಲಿ ಹೆಚ್ಚಿನವು ಆಯುಧಗಳಲ್ಲ, ಆಯುಧ ಮಾಡುವಾಗ ಹಾರಿದ ಚಕ್ಕೆ, ಚೂರು, ಅರ್ಧಕ್ಕೆ ಬಿಟ್ಟ ತುಂಡು. ಅದು ಕಲ್ಲಿನ ಗಣಿಯೂ ಹೌದು, ಕಾರ್ಖಾನೆಯೂ ಹೌದು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಆ ಕಸದಲ್ಲಿದೆ. ಮ್ಯೂಸಿಯಮ್ಮಿನ ಗಾಜಿನೊಳಗೆ ಚಂದದ ಕೈಗೊಡಲಿ ಇಡುತ್ತಾರೆ, ನೋಡಿದವರು ಆಹಾ ಅಂದು ಮುಂದೆ ಹೋಗುತ್ತಾರೆ. ಮುಗಿದ ಕೈಗೊಡಲಿ ಮಾಡಿದವನ ಮನಸ್ಸಿನ ಬಗ್ಗೆ ಹೇಳುವುದು ಕಡಿಮೆ. ಚಕ್ಕೆ ಹೇಳುವುದು ಹೆಚ್ಚು, ಯಾಕೆಂದರೆ ಪ್ರತಿ ಚಕ್ಕೆಯೂ ಒಂದು ಏಟು, ಪ್ರತಿ ಏಟೂ ಒಂದು ತೀರ್ಮಾನ. ಯಾವ ಚಕ್ಕೆಯ ಗುರುತಿನ ಮೇಲೆ ಯಾವ ಚಕ್ಕೆಯ ಗುರುತು ಬಿದ್ದಿದೆ ಅನ್ನುವುದನ್ನು ಓದಿದರೆ ಯಾವ ಏಟು ಮೊದಲು, ಯಾವುದು ಆಮೇಲೆ ಅನ್ನುವುದು ತಿಳಿಯುತ್ತದೆ.

ಇಸಾಂಪುರದವರಿಗೆ ಕಲ್ಲು ಕಾಲಡಿಯಲ್ಲೇ ಇತ್ತು, ಪದರ ಪದರವಾಗಿ ಏಳುವ ಸುಣ್ಣಕಲ್ಲು. ತೆಳು ಹಾಸು ಸಿಕ್ಕರೆ ದಪ್ಪದ ಗೊಡವೆಗೆ ಹೋಗದೆ ಅಂಚನ್ನಷ್ಟೇ ಒಡೆದು ಕೈಗೊಡಲಿ ಮಾಡುತ್ತಿದ್ದರು. ದಪ್ಪ ಹಾಸಾದರೆ ಮೊದಲು ಒಂದು ದೊಡ್ಡ ಚಕ್ಕೆ ಎಬ್ಬಿಸಿ, ಅದರಿಂದ ಅಗಲ ಬಾಯಿಯ ಸೀಳುಗತ್ತಿ. ಹೊಡೆಯುವ ಸುತ್ತಿಗೆಗಲ್ಲುಗಳು ಮಾತ್ರ ಬೇರೆ: ಬಸಾಲ್ಟ್, ಬೆಣಚುಕಲ್ಲು, ಚರ್ಟ್, ದೊಡ್ಡವು ಸಣ್ಣವು ಎರಡೂ. ಒರಟು ಕೆಲಸಕ್ಕೆ ಒಂದು, ನಯದ ಕೆಲಸಕ್ಕೆ ಇನ್ನೊಂದು. ಅಂದರೆ ಕೆಲಸ ಶುರುವಾಗುವ ಮೊದಲೇ ಅದರ ಎರಡು ಮೂರು ಹಂತ ತಲೆಯಲ್ಲಿತ್ತು.

ಇದನ್ನು ಊಹೆಯ ಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೇ ಸೆರಿ ಶಿಪ್ಟನ್, ಪೆಟ್ರಾಗ್ಲಿಯಾ, ಪದ್ದಯ್ಯ ಸೇರಿ ಕಲ್ಲು ಒಡೆಯುವ ಪ್ರಯೋಗಗಳನ್ನೇ ನಡೆಸಿದರು, ಫಲಿತ 2009ರಲ್ಲಿ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಬಂತು. ತಾವು ಒಡೆದ ಚಕ್ಕೆಗಳನ್ನು ಹಳೆಯ ಚಕ್ಕೆಗಳ ಪಕ್ಕ ಇಟ್ಟು ಹೋಲಿಸಿ ನೋಡುವುದು ಇದರ ಕ್ರಮ. ಮರುವರ್ಷ ಶಿಪ್ಟನ್ ಒಂದು ಹೆಜ್ಜೆ ಮುಂದೆ ಹೋದರು. ಅದೇ ಆಯುಧಕ್ಕೆ ಬೇರೆ ದಾರಿಯಿಂದಲೂ ಹೋಗಬಹುದಾಗಿದ್ದರೂ ಇಸಾಂಪುರದವರು ಒಂದೇ ಕ್ರಮ ಹಿಡಿದಿದ್ದರು, ಹಾಗಾಗಿ ಅವರು ಮುಗಿದ ವಸ್ತುವನ್ನು ನೋಡಿ ಕಲಿತವರಲ್ಲ, ಇನ್ನೊಬ್ಬರ ಕೈಯ ನಡೆಯನ್ನೇ ನೋಡಿ ಕಲಿತವರು ಎಂದು ವಾದಿಸಿದರು. ಹನ್ನೆರಡು ಲಕ್ಷ ವರ್ಷದ ಹಿಂದೆ ಒಬ್ಬ ಇನ್ನೊಬ್ಬನ ಕೈಯನ್ನು ಗಮನವಿಟ್ಟು ನೋಡಿದ ಅನ್ನುವುದಕ್ಕೆ ಸಾಕ್ಷಿ ಕಸದ ರಾಶಿ!

ಈ ಹನ್ನೆರಡು ಲಕ್ಷ ಎಲ್ಲಿಂದ ಬಂತು? ಹಲ್ಲಿನಿಂದ. ಅಗೆತದಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲಿನ ಎನಾಮೆಲ್ ಒಂದು ಗಡಿಯಾರ. ಸುತ್ತಲ ಮಣ್ಣಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂನಿಂದ ಹೊರಡುವ ವಿಕಿರಣ ಎನಾಮೆಲ್ಲಿನ ಹರಳುಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಕದಲಿಸುತ್ತದೆ, ಅವು ಅಲ್ಲೇ ಸಣ್ಣ ಸಣ್ಣ ಕುಳಿಗಳಲ್ಲಿ ಸಿಕ್ಕಿಬೀಳುತ್ತವೆ. ವರ್ಷ ಹೋದಂತೆ ಸಿಕ್ಕಿಬಿದ್ದವು ಹೆಚ್ಚುತ್ತವೆ. ಕಾಂತಕ್ಷೇತ್ರದಲ್ಲಿಟ್ಟು ಸೂಕ್ಷ್ಮತರಂಗ ಹಾಯಿಸಿ ಅವುಗಳ ಪ್ರಮಾಣ ಅಳೆದು, ವರ್ಷಕ್ಕೆ ಬೀಳುವ ವಿಕಿರಣದಿಂದ ಭಾಗಿಸಿದರೆ ವಯಸ್ಸು. ಬಾನಿ ಬ್ಲ್ಯಾಕ್‌ವೆಲ್ ಮತ್ತು ಸಂಗಡಿಗರು 2001ರ ಹೊತ್ತಿಗೆ ಕೊಟ್ಟ ಉತ್ತರ ಸುಮಾರು 12 ಲಕ್ಷ ವರ್ಷ. ಇಂಥ ಲೆಕ್ಕದಲ್ಲಿ ಒಂದು ಲಕ್ಷ ವರ್ಷ ಅತ್ತಿತ್ತ ಆಗುವುದು ದೊಡ್ಡ ಮಾತಲ್ಲ. ನಮ್ಮ ದಾರಿಯ ಮೇಲೆ ಅದು 4 ಕಿಲೊಮೀಟರ್. 'ಕವಿರಾಜಮಾರ್ಗ'ದಿಂದ ಇವತ್ತಿನವರೆಗಿನ ಕನ್ನಡದ ದಾರಿಯನ್ನು ಅದರೊಳಗೆ ಎಂಬತ್ತೈದು ಸಲ ಮಡಚಿ ಇಡಬಹುದು. ಪ್ರಾಗೈತಿಹಾಸದವರು ಇದನ್ನು ಸಣ್ಣ ತಪ್ಪು ಅನ್ನುತ್ತಾರೆ.

ಇನ್ನು ಸೋಜಿಗಕ್ಕೆ ಬರೋಣ. ಕೈಗೊಡಲಿ ಎಂಬ ವಸ್ತು ಕೆನ್ಯಾದ ತುರ್ಕಾನಾ ಸರೋವರದ ದಂಡೆಯಲ್ಲಿ 17.6 ಲಕ್ಷ ವರ್ಷದ ಹಿಂದೆ ಸಿಗುತ್ತದೆ, ನಮ್ಮ ಸಾಲಿನಲ್ಲಿ ಹುಮನಾಬಾದ್ ದಾಟಿದ ಮೇಲೆ. ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಅವರ ತಂಡ ಅಗೆದು 2011ರಲ್ಲಿ ಪ್ರಕಟಿಸಿದ ವಯಸ್ಸು 15 ಲಕ್ಷ. ಇಸಾಂಪುರದಲ್ಲಿ 12 ಲಕ್ಷ. ಇಂಗ್ಲೆಂಡಿನಲ್ಲಿ 5 ಲಕ್ಷ ವರ್ಷದ ಹಿಂದಿನವೂ ಇವೆ. ಕಲ್ಲು ಬೇರೆ, ಖಂಡ ಬೇರೆ, ಆಕಾರ ಹೆಚ್ಚುಕಡಿಮೆ ಅದೇ: ಒಂದು ಕಡೆ ಚೂಪು, ಇನ್ನೊಂದು ಕಡೆ ದುಂಡು, ಎರಡೂ ಮೈ ಕೆತ್ತಿದ್ದು, ಅಂಗೈಯಲ್ಲಿ ಹಿಡಿಯುವಷ್ಟು. ಹೊಸದು ಯಾಕೆ ಹುಟ್ಟಲಿಲ್ಲ ಎಂದು ಹಿಂದಿನ ವಿದ್ವಾಂಸರು ಅವರನ್ನು ಮಂದಬುದ್ಧಿಯವರೆಂದು ಕರೆದದ್ದುಂಟು. ಲೆಕ್ಕ ಮಾಡಿದರೆ ಪ್ರಶ್ನೆ ತಿರುವುಮುರುವಾಗುತ್ತದೆ.

ಒಂದು ವಸ್ತುವನ್ನು ಕಣ್ಣಂದಾಜಿನಲ್ಲಿ ನೋಡಿ ಇನ್ನೊಂದನ್ನು ಮಾಡುವಾಗ ನೂರಕ್ಕೆ ಮೂರರಷ್ಟು ವ್ಯತ್ಯಾಸ ಮನುಷ್ಯನ ಕಣ್ಣಿಗೆ ಗೊತ್ತಾಗುವುದೇ ಇಲ್ಲ. 2005ರಲ್ಲಿ ಎರ್ಕನ್ಸ್ ಮತ್ತು ಲೈಪೊ ಎಂಬ ಇಬ್ಬರು ಪುರಾತತ್ವಜ್ಞರು ಈ ಮೂರನ್ನು ಹಿಡಿದು ಕೂತರು. ಅವರ ದಾರಿಯಲ್ಲಿ ನಾವೂ ಒಂದು ಸರಳ ಲೆಕ್ಕ ಹಾಕೋಣ. 12 ಸೆಂಟಿಮೀಟರಿನ ಕೈಗೊಡಲಿ. ಪ್ರತಿ ತಲೆಮಾರಿನಲ್ಲೂ ಅದರ ಅಳತೆ ನೂರಕ್ಕೆ ಮೂರರಷ್ಟು ಏರುತ್ತದೆ, ಇಲ್ಲವೇ ಇಳಿಯುತ್ತದೆ, ಯಾವುದೆಂದು ಹೇಳಲಾಗದು. ಏರಿದ್ದು ಇಳಿದದ್ದು ಒಂದಕ್ಕೊಂದು ಹೊಡೆದುಹೋಗುತ್ತವಾದ್ದರಿಂದ ತಪ್ಪುಗಳೆಲ್ಲ ಒಟ್ಟುಗೂಡುವುದಿಲ್ಲ, ವರ್ಗಮೂಲದಷ್ಟು ಮಾತ್ರ ಉಳಿಯುತ್ತದೆ. 10,000 ತಲೆಮಾರಿನ ವರ್ಗಮೂಲ 100. ಅಂದರೆ ನೂರಕ್ಕೆ ಮೂರರ ಚಕ್ರಬಡ್ಡಿ ನೂರು ಸಲ ಬಿದ್ದಷ್ಟು, ಹತ್ತೊಂಬತ್ತು ಪಟ್ಟು.

ಎರಡೂವರೆ ಲಕ್ಷ ವರ್ಷ ಕಳೆಯುವಷ್ಟರಲ್ಲಿ, ನಮ್ಮ ದಾರಿಯ ಬರೀ ಹತ್ತು ಕಿಲೊಮೀಟರಿಗೆ, ಒಂದು ಗುಂಪಿನವರ ಕೈಗೊಡಲಿ ಎರಡು ಮೀಟರ್ ದಾಟಿ ಆಳೆತ್ತರ ಮೀರಬೇಕಿತ್ತು. ಇನ್ನೊಂದು ಗುಂಪಿನವರದು ಆರು ಮಿಲಿಮೀಟರಿಗೆ ಇಳಿದು ತೊಗರಿ ಕಾಳಿನಷ್ಟಾಗಬೇಕಿತ್ತು. ಯಾರೂ ತಪ್ಪು ಮಾಡಿಲ್ಲ, ಪ್ರತಿಯೊಬ್ಬರೂ ತಮ್ಮ ಹಿಂದಿನವರನ್ನು ಶ್ರದ್ಧೆಯಿಂದ ನಕಲು ಮಾಡಿದ್ದಾರೆ, ಆದರೂ ಹೀಗೆ. ಇನ್ನು 48,000 ತಲೆಮಾರಿಗೆ ಇದೇ ಲೆಕ್ಕ ಎಳೆದರೆ ಸುಮಾರು 650 ಪಟ್ಟು ಬರುತ್ತದೆ. 12 ಸೆಂಟಿಮೀಟರಿನದು 78 ಮೀಟರ್ ಆಗುತ್ತದೆ. ವಿಜಯಪುರದ ಗೋಳಗುಮ್ಮಟದ ಎತ್ತರ 51 ಮೀಟರ್. ಅದಕ್ಕಿಂತ ದೊಡ್ಡ ಕೈಗೊಡಲಿ! ಇದು ವಿಪರೀತದ ಲೆಕ್ಕವೂ ಅಲ್ಲ, ಮೂರು ಗುಂಪುಗಳಲ್ಲಿ ಒಂದು ಇದಕ್ಕೂ ಆಚೆ ಹೋಗಬಹುದು, ಮೇಲಕ್ಕೋ ಕೆಳಕ್ಕೋ.

ನೆಲದಲ್ಲಿ ಸಿಕ್ಕಿದ್ದು ಗೋಳಗುಮ್ಮಟವೂ ಅಲ್ಲ, ಕಾಳೂ ಅಲ್ಲ. ಅಂಗೈ ಅಳತೆಯ ಕಲ್ಲುಗಳೇ.

ಇದು ಬರೀ ಕಾಗದದ ಮೇಲಿನ ಆಟ ಎನ್ನಿಸಬಾರದೆಂದು 2012ರಲ್ಲಿ ಕೆಂಪ್, ಲೈಸೆಟ್, ಮೆಸೂಡಿ ಎಂಬ ಮೂವರು ಜನರ ಕೈಯಲ್ಲೇ ಮಾಡಿಸಿ ನೋಡಿದರು. 200 ಮಂದಿಯನ್ನು ಹತ್ತು ಹತ್ತು ಜನರ 20 ಸರಪಳಿ ಮಾಡಿ, ಐಪ್ಯಾಡ್ ಪರದೆಯ ಮೇಲೆ ಕೈಗೊಡಲಿಯ ಚಿತ್ರ ತೋರಿಸಿ, ಅದೇ ಅಳತೆಗೆ ಇನ್ನೊಂದನ್ನು ತರುವಂತೆ ಹೇಳಿದರು. ಒಬ್ಬನ ನಕಲೇ ಮುಂದಿನವನಿಗೆ ಅಸಲು. ಹತ್ತನೆಯವನ ಹೊತ್ತಿಗೆ ಸರಪಳಿಗಳು ದಿಕ್ಕಾಪಾಲು. ಆಮೇಲೆ 21 ನೆಲೆಗಳ 2,600ರಷ್ಟು ನಿಜವಾದ ಕೈಗೊಡಲಿಗಳ ಅಳತೆಯನ್ನು ಪಕ್ಕಕ್ಕಿಟ್ಟರು. ನಿಜದ ಕಲ್ಲುಗಳಲ್ಲಿನ ಏರುಪೇರು ಲೆಕ್ಕ ಹೇಳಿದ್ದಕ್ಕಿಂತ ಕಡಿಮೆ ಇತ್ತು. ಅಂದರೆ ಏನೋ ಒಂದು ಲಗಾಮು ಎಳೆದು ಹಿಡಿದಿತ್ತು. ಅದೇನು ಅನ್ನುವುದೇ ಈಗಿನ ಜಗಳ.

ಅಂಗೈಯೇ ಲಗಾಮು ಅನ್ನುವುದು ಒಂದು ಉತ್ತರ. ಹಿಡಿಯಲಾಗದಷ್ಟು ದೊಡ್ಡದಾದರೆ ಬಿಸಾಡುತ್ತಾರೆ. ಗಾತ್ರಕ್ಕೆ ಇದು ಸರಿಹೋಗುತ್ತದೆ, ಆಕಾರಕ್ಕೆ ಅಷ್ಟಾಗಿ ಅಲ್ಲ. ಗುರುವಿನ ಕಣ್ಣು ಅನ್ನುವುದು ಎರಡನೆಯದು. ತಪ್ಪಿದಾಗ ತಿದ್ದುವವರಿದ್ದರು, ಹಾಗಾಗಿ ತಪ್ಪು ಮುಂದಿನ ತಲೆಮಾರಿಗೆ ದಾಟಲಿಲ್ಲ. ಮೂರನೆಯದು ಕೆಲವರಿಗೆ ಕೇಳಿದರೆ ಸಿಟ್ಟು ಬರಿಸುತ್ತದೆ. 2016ರಲ್ಲಿ ರೇಮಂಡ್ ಕೊರ್ಬೆ ಮತ್ತು ಸಂಗಡಿಗರು ಕೈಗೊಡಲಿಯನ್ನು ಹಕ್ಕಿಯ ಹಾಡಿನ ಪಕ್ಕ ನಿಲ್ಲಿಸಿದರು. ಕಲಿಯುವುದು ಸ್ವಲ್ಪ, ಹುಟ್ಟಿನಿಂದಲೇ ಬಂದದ್ದು ಬಹಳ, ಜೀನ್‌ಗಳಲ್ಲೇ ಅರ್ಧ ಬರೆದಿತ್ತು ಅಂತ.

ಜೀನ್‌ನಿಂದ ನಡೆಯುವ ನಕಲು ಹೇಗಿರುತ್ತದೆ ಅನ್ನುವುದನ್ನು ಕಮಲಾಪುರದಲ್ಲಿ ಕಣ್ಣಾರೆ ನೋಡಬಹುದು. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೀಜವಿಲ್ಲ, ಬುಡದ ಕಂದು ಕಿತ್ತು ನೆಟ್ಟರೆ ತಾಯಿಗಿಡದ್ದೇ ಪಡಿಯಚ್ಚು. ಬಾಳೆಯನ್ನು ಹೀಗೆ ನೆಟ್ಟು ಬೆಳೆಸುವುದು ಪಪುವಾ ನ್ಯೂಗಿನಿಯ ಕೂಕ್ ಜವುಗಿನಲ್ಲಿ ಸುಮಾರು 7,000 ವರ್ಷದ ಹಿಂದೆಯೇ ನಡೆದಿತ್ತು. ಗುರು ಬೇಡ, ಕಣ್ಣು ಬೇಡ, ಕಂದು ತಪ್ಪುವುದೇ ಅಪರೂಪ. ಆದರೂ ಕೆಂಪು ಬಾಳೆಯ ಈ ಜಾತಿಯಲ್ಲಿ ಒಮ್ಮೊಮ್ಮೆ ಹಸಿರು ಹಣ್ಣು ಬಿಡುವ ಗಿಡ ಎದ್ದುಬಿಡುತ್ತದೆ. ಅದನ್ನು ತೋಟದಲ್ಲಿ ಉಳಿಸುವುದೋ ಕಿತ್ತೆಸೆಯುವುದೋ ರೈತನ ಕೈಯಲ್ಲಿ. ಏಳು ಸಾವಿರ ವರ್ಷ ನಮ್ಮ ದಾರಿಯಲ್ಲಿ 280 ಮೀಟರ್. ಕೈಗೊಡಲಿಯ ದಾರಿ 60 ಕಿಲೊಮೀಟರಿಗೆ ಹತ್ತಿರ. ಅಷ್ಟು ದೂರ ಬರೀ ರಕ್ತದ ಬರಹವೇ ಹೊತ್ತು ತಂದಿತೆಂದು ನಾನಂತೂ ಒಪ್ಪಲಾರೆ. ಇಸಾಂಪುರದಲ್ಲಿ ತೆಳು ಹಾಸುಗಲ್ಲಿಗೆ ಒಂದು ವಿಧಾನ, ದಪ್ಪ ಹಾಸುಗಲ್ಲಿಗೆ ಇನ್ನೊಂದು. ಕಲ್ಲು ನೋಡಿ ಮನಸ್ಸು ಬದಲಿಸುವವರನ್ನು ಹಕ್ಕಿ ಅನ್ನುವುದು ಹೇಗೆ?

ಹೇಳಿಕೊಟ್ಟರೆ ಎಷ್ಟು ವ್ಯತ್ಯಾಸವಾಗುತ್ತದೆ ಅನ್ನುವುದನ್ನೂ ಎಣಿಸಿದವರಿದ್ದಾರೆ. 2015ರಲ್ಲಿ ಥಾಮಸ್ ಮಾರ್ಗನ್ ಮತ್ತು ಸಂಗಡಿಗರು 184 ಜನರಿಗೆ ಕಲ್ಲು ಒಡೆಯುವುದನ್ನು ಐದು ಬಗೆಯಲ್ಲಿ ಕಲಿಸಿದರು. ಕೆಲವರಿಗೆ ಒಡೆದ ಚಕ್ಕೆಯನ್ನಷ್ಟೇ ಕೊಟ್ಟರು, ಕೆಲವರಿಗೆ ಒಡೆಯುವವನನ್ನು ಸುಮ್ಮನೆ ನೋಡಲು ಬಿಟ್ಟರು. ಕೆಲವರಿಗೆ ಕೈ ಹಿಡಿದು ತಿದ್ದಿದರು, ಕೆಲವರಿಗೆ ಸನ್ನೆಯಲ್ಲಿ, ಕೆಲವರಿಗೆ ಬಾಯಿಮಾತಿನಲ್ಲಿ ಹೇಳಿದರು. ಹುಟ್ಟಿದ ಚಕ್ಕೆಗಳು 6,000ಕ್ಕೂ ಹೆಚ್ಚು, ಪ್ರತಿಯೊಂದನ್ನೂ ತೂಗಿ ಅಳೆದರು. ಸುಮ್ಮನೆ ನೋಡಿದವರು ಚಕ್ಕೆ ನೋಡಿ ಕಲಿತವರಿಗಿಂತ ಹೆಚ್ಚೇನೂ ಮುಂದೆ ಹೋಗಲಿಲ್ಲ. ಕಲಿಸಿದಾಗ ಮಟ್ಟ ಏರಿತು, ಮಾತಿನಲ್ಲಿ ಕಲಿಸಿದಾಗ ಎಲ್ಲಕ್ಕಿಂತ ಹೆಚ್ಚು.

ಮಿದುಳನ್ನು ನೇರ ನೋಡುವ ದಾರಿಯೂ ಇದೆ. ಸ್ಕ್ಯಾನರ್ ಒಳಗೆ ಮಲಗಿ ಕಲ್ಲು ಒಡೆಯಲು ಬರುವುದಿಲ್ಲ. ಹಾಗಾಗಿ ಡೀಟ್ರಿಚ್ ಸ್ಟೌಟ್ ಮತ್ತು ಜೊತೆಗಾರರು ವಿಕಿರಣದ ಗುರುತು ಹಚ್ಚಿದ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟು, ಮುಕ್ಕಾಲು ಗಂಟೆಯ ಹತ್ತಿರ ಕಲ್ಲು ಒಡೆಸಿ, ಆಮೇಲೆ ಸ್ಕ್ಯಾನ್ ಮಾಡಿದರು. ಮಿದುಳಿನ ಯಾವ ಭಾಗ ದುಡಿದು ಸಕ್ಕರೆ ಎಳೆದುಕೊಂಡಿತ್ತೋ ಅದು ಬೆಳಗುತ್ತದೆ. ಕೈಗೊಡಲಿ ಮಾಡಿದವರಲ್ಲಿ ಬೆಳಗಿದ ಜಾಗಗಳಲ್ಲೊಂದು, ಮಾತಿಗೆ ಬೇಕಾದ ಬ್ರೋಕಾ ಪ್ರದೇಶದ ಬಲಮಗ್ಗುಲ ಜೋಡಿ. ನೂರು ಗಂಟೆಗೂ ಮೀರಿ ಅಭ್ಯಾಸ ಮಾಡಿದವರ ಮಿದುಳಿನ ನರತಂತುಗಳ ಜೋಡಣೆಯೇ ಬದಲಾದದ್ದು ಇನ್ನೊಂದು ಅಧ್ಯಯನದಲ್ಲಿ ಕಂಡಿತು. ಚಂದದ ಕೆಲಸ, ಸಂಶಯವಿಲ್ಲ. ಆದರೆ ಆ ಮೊದಲ ಸ್ಕ್ಯಾನಿಗೆ ಕೂತ ನುರಿತವರು ಬೆರಳೆಣಿಕೆಯಷ್ಟು. ಲಕ್ಷಾಂತರ ವರ್ಷದ ಪ್ರಶ್ನೆಯನ್ನು ನಾಲ್ಕಾರು ತಲೆಗಳ ಮೇಲೆ ಹೊರಿಸುವುದು ಸ್ವಲ್ಪ ಭಾರವೇ.

ಕಡಿಮೆ ಎಣಿಕೆಯಿಂದ ಶುರುವಾದ ಮಾತು ಎಣಿಕೆ ಹೆಚ್ಚಿದ ಮೇಲೆ ಗಟ್ಟಿಯಾದದ್ದಕ್ಕೆ ನಮ್ಮ ರಾಜ್ಯದಲ್ಲೇ ಒಂದು ನಿದರ್ಶನ ಇದೆ, ಅದು ಕಲ್ಲಿನದಲ್ಲ, ಮುಸುವಗಳದು. 1961ರಿಂದ 63ರವರೆಗೆ ಜಪಾನಿನ ಯುಕಿಮಾರು ಸುಗಿಯಾಮಾ ಧಾರವಾಡದ ಕಾಡುಗಳಲ್ಲಿ ಮುಸುವಗಳ ಹಿಂಡುಗಳನ್ನು ಬೆನ್ನುಹತ್ತಿದರು. ಹೊರಗಿನ ಗಂಡುಗಳು ಒಂದು ಹಿಂಡಿನ ಮೇಲೆ ಬಿದ್ದು, ಇದ್ದ ಯಜಮಾನನನ್ನು ಓಡಿಸಿ, ಹೊಸ ಯಜಮಾನ ಹಿಂಡಿನ ಮರಿಗಳನ್ನು ಕೊಂದದ್ದನ್ನು ಕಂಡು ಬರೆದರು. ಬಹಳ ಜನ ನಂಬಲಿಲ್ಲ, ಜಾಗ ಇಕ್ಕಟ್ಟಾಗಿ ಪ್ರಾಣಿಗಳಿಗೆ ತಲೆ ಕೆಟ್ಟಿದೆ ಎಂದರು. 1970ರ ದಶಕದಲ್ಲಿ ಸಾರಾ ಹ್ರ್ಡಿ ಅಬೂ ಬೆಟ್ಟದ ಮುಸುವಗಳನ್ನು ನೋಡಿ, ಇದು ಹುಚ್ಚಲ್ಲ, ಹಾಲು ಬಿಡಿಸಿ ತಾಯಿಯನ್ನು ಬೇಗ ಬೆದೆಗೆ ತರುವ ಗಂಡಿನ ಹೂಟ ಎಂದು ವಾದಿಸಿದರು. ಜಗಳ ದಶಕಗಟ್ಟಲೆ ನಡೆಯಿತು. 2014ರಲ್ಲಿ ಲೂಕಾಸ್ ಮತ್ತು ಹುಶಾರ್ ಹಾಲೂಡಿಸುವ ಪ್ರಾಣಿಗಳ 260 ಜಾತಿಗಳ ಪಟ್ಟಿ ಹಾಕಿ, ಅವುಗಳ ವಂಶವೃಕ್ಷದ ಮೇಲೆ ಗುರುತು ಹಚ್ಚಿದರು. 119 ಜಾತಿಗಳಲ್ಲಿ ಗಂಡು ಮರಿಗಳನ್ನು ಕೊಲ್ಲುತ್ತದೆ, ಅದೂ ಹೆಚ್ಚಾಗಿ ಕೆಲವೇ ಗಂಡುಗಳು ಹೆಣ್ಣುಗಳನ್ನೆಲ್ಲ ಕಟ್ಟಿಹಾಕಿಕೊಂಡ ಜಾತಿಗಳಲ್ಲಿ. ಧಾರವಾಡದ ಒಂದು ಹಿಂಡಿನಿಂದ 260 ಜಾತಿಗಳವರೆಗೆ ಅರ್ಧ ಶತಮಾನ ಹಿಡಿಯಿತು.

ಜೀನೋಮಿನ ಎಣಿಕೆಯನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ, ಅದು ಬೇರೆಯೇ ಸಮುದ್ರ. ನಮ್ಮ ಜೀನೋಮಿನಲ್ಲಿ 300 ಕೋಟಿ ಅಕ್ಷರ, ಚಿಂಪಾಂಜಿಗೂ ನಮಗೂ ಒಂಟಿ ಅಕ್ಷರದ ವ್ಯತ್ಯಾಸವೇ 3.5 ಕೋಟಿ. ಜೀನೋಮಿನಲ್ಲಿ, ಮನುಷ್ಯನ ಮಿದುಳಿನಲ್ಲಿ ಕೆಲಸ ಮಾಡುವ 118 ಅಕ್ಷರದ ಒಂದು ತುಣುಕಿದೆ. ಕೋಳಿ ಮತ್ತು ಚಿಂಪಾಂಜಿ ಬೇರೆಯಾಗಿ 31 ಕೋಟಿ ವರ್ಷ, ಆ ತುಣುಕಿನಲ್ಲಿ ಅವೆರಡರ ನಡುವೆ ಬದಲಾದದ್ದು ಎರಡೇ ಅಕ್ಷರ. ನಾವೂ ಚಿಂಪಾಂಜಿಯೂ ಬೇರೆಯಾದದ್ದು ಸುಮಾರು 60 ಲಕ್ಷ ವರ್ಷದ ಹಿಂದೆ, ನಮ್ಮ ಸಾಲಿನಲ್ಲಿ ಹೈದರಾಬಾದ್ ದಾಟಿದ ಮೇಲೆ. ಅಷ್ಟರೊಳಗೆ 18 ಅಕ್ಷರ ಬದಲಾಗಿದೆ. ಆ ಹದಿನೆಂಟು ಅಕ್ಷರಗಳಿಗೂ ಇಸಾಂಪುರದ ಏಟಿಗೂ ನಡುವೆ ಏನು ನಡೆಯಿತು ಅನ್ನುವುದಕ್ಕೆ ಸೇತುವೆ ಇನ್ನೂ ಕಟ್ಟಬೇಕು.

ಈ ಎಲ್ಲ ಎಣಿಕೆಗಳ ಬುಡದಲ್ಲಿ ಒಂದು ಬಿರುಕಿದೆ. ಅಮೆರಿಕದ ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳನ್ನು ಜೆಫ್ರಿ ಆರ್ನೆಟ್ 2008ರಲ್ಲಿ ಜಾಲಾಡಿ ನೋಡಿದರು. ಅಧ್ಯಯನಕ್ಕೆ ಸಿಕ್ಕ ಜನರಲ್ಲಿ ನೂರಕ್ಕೆ 96 ಮಂದಿ ಪಶ್ಚಿಮದ ಕೈಗಾರಿಕಾ ದೇಶಗಳವರು. ಆ ದೇಶಗಳ ಜನಸಂಖ್ಯೆ ಲೋಕದ ನೂರಕ್ಕೆ 12. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಇನ್ನಿಬ್ಬರು ಇದನ್ನೇ ಹಿಡಿದು ಗದ್ದಲ ಎಬ್ಬಿಸಿದರು. ಮನುಷ್ಯನ ಮನಸ್ಸು ಎಂದು ಬರೆದದ್ದೆಲ್ಲ ಬಹುಪಾಲು ಕಾಲೇಜು ವಿದ್ಯಾರ್ಥಿಗಳ ಮನಸ್ಸು ಎಂದು. ಕಲ್ಲು ಒಡೆಯುವ ಪ್ರಯೋಗಗಳಿಗೂ ಇದು ಒಪ್ಪುತ್ತದೆ. ಜೀವಮಾನದಲ್ಲಿ ಒಂದು ಕಲ್ಲನ್ನೂ ಒಡೆಯದ ಹುಡುಗರ ಕೈಗೆ ಸುತ್ತಿಗೆಗಲ್ಲು ಕೊಟ್ಟು, ಕೆಲವು ನಿಮಿಷ ತೋರಿಸಿ, ಅವರ ಚಕ್ಕೆಯನ್ನು ಹಳೇ ಶಿಲಾಯುಗದವರ ಚಕ್ಕೆಯ ಪಕ್ಕ ಇಡುವುದು.

ಇದಕ್ಕೆ ಹೊರತಾಗಿ ನಡೆದದ್ದೂ ನಮ್ಮ ದೇಶದಲ್ಲೇ. ಗುಜರಾತಿನ ಖಂಭಾತ್‌ನಲ್ಲಿ ಕೆಂಪು ಅಗೇಟಿನ ಮಣಿ ಒಡೆಯುವ ಕಸುಬುದಾರರ ಸುತ್ತಿಗೆಗೆ ವೇಗೋತ್ಕರ್ಷ ಅಳೆಯುವ ಯಂತ್ರ ಕಟ್ಟಿ, ವ್ಯಾಲೆಂಟೀನ್ ರೂ ಮತ್ತು ಬ್ಲಾಂಡೀನ್ ಬ್ರಿಲ್ ಏಟು ಏಟನ್ನೂ ದಾಖಲಿಸಿದರು. ಅಲ್ಲಿ ಉದ್ದ ಮಣಿ ಮಾಡುವ ಮಟ್ಟಕ್ಕೆ ಬರಲು ವರ್ಷಗಟ್ಟಲೆ ಶಾಗಿರ್ದಿ ಬೇಕು. ನುರಿತವನ ವಿಶೇಷ ಬಲದಲ್ಲಿರಲಿಲ್ಲ, ಕಲ್ಲು ಬದಲಾದಂತೆ ಏಟಿನ ಹದವನ್ನು ಬದಲಿಸುವುದರಲ್ಲಿತ್ತು.

ನಮ್ಮಲ್ಲಿ ಖಂಭಾತ್ ಇಲ್ಲ, ಶಹಾಬಾದ್ ಇದೆ. ನೆಲಕ್ಕೆ ಹಾಸುವ ಶಹಾಬಾದಿನ ಪರ್ಸಿಯೂ ಇಸಾಂಪುರದ ಕೈಗೊಡಲಿಯೂ ಭೀಮಾ ಸೀಮೆಯ ಒಂದೇ ಬಳಗದ ಸುಣ್ಣಕಲ್ಲು, ಎರಡೂ ಪದರ ಪದರವಾಗಿ ಏಳುವಂಥವು. ಎಲ್ಲಿ ಉಳಿ ಇಟ್ಟರೆ ಹಾಸು ಇಡಿಯಾಗಿ ಬಿಡುತ್ತದೆ, ಎಲ್ಲಿ ಇಟ್ಟರೆ ನಡುವೆ ಒಡೆಯುತ್ತದೆ ಅನ್ನುವುದು ಅಲ್ಲಿನ ಗಣಿಗಳಲ್ಲಿ ತಂದೆಯಿಂದ ಮಗನಿಗೆ ಬಂದ ವಿದ್ಯೆ. ಅದೇ ಪ್ರಶ್ನೆ ಇಸಾಂಪುರದಲ್ಲಿ ಕೂತವರ ಎದುರಿಗೂ ಇತ್ತು. ಒಂದು ಹಾಸುಗಲ್ಲಿಗೆ ಎಷ್ಟು ಏಟು, ಯಾವ ಕೋನದಲ್ಲಿ, ಎಷ್ಟು ಬಲದಲ್ಲಿ, ಹೊಸ ಹುಡುಗನ ಕೈಗೆ ಉಳಿ ಕೊಡುವ ಮೊದಲು ಎಷ್ಟು ಕಾಲ ಬರೀ ನೋಡಲು ಬಿಡುತ್ತಾರೆ, ತಪ್ಪಿದಾಗ ಕೈ ಹಿಡಿಯುತ್ತಾರೋ ಬೈಯುತ್ತಾರೋ: ಇಂಥ ಅಳತೆಗಳನ್ನು ಸಾವಿರ ಹಾಸುಗಳ ಮೇಲೆ ತೆಗೆದು, ಇಸಾಂಪುರದ ಚಕ್ಕೆಗಳ ಅಳತೆಯ ಪಕ್ಕ ಇಡಬೇಕು. ಗಣಿಗಳಿಗೆ ಕೊಯ್ಯುವ ಯಂತ್ರ ಬಂದಾಗಿದೆ. ಕೈಯಿಂದ ಪದರ ಬಿಡಿಸಬಲ್ಲವರು ಇರುವಾಗಲೇ ಈ ಎಣಿಕೆ ಶುರುವಾಗಬೇಕು.